ಮಗಳಿಗೊಂದು ಪತ್ರ: ಕಣ್ಣು ಉಜ್ಜಬೇಡ ತಾಯಿ

ಪ್ರೀತಿಯ ಭಾಗ್ಯಾ,

ಮೊನ್ನೆ ಫೋನ್‌ನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ವರ್ಷದಲ್ಲಿ ಎರಡು ಸಲ ಚಶ್ಮಾದ ನಂಬರ್ ಬದಲಾಯಿತು, ಹೊಸದು ಹಾಕಿದರೂ ಬೋರ್ಡಿನ ಅಕ್ಷರದ ಬದಿಗೆ ನೆರಳು ಕಾಣುತ್ತದೆ ಅಂದೆ. ವಿಡಿಯೋ ಕಾಲ್‌ನಲ್ಲೂ ನೋಡಿದೆ. ಮಾತಾಡುತ್ತಲೇ ಎಷ್ಟು ಸಲ ಕಣ್ಣು ಉಜ್ಜಿಕೊಂಡೆ!

ನನ್ನ ಬಲಗಣ್ಣಿನ ಬಿಳಿ ಕಲೆಯನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಊರಲ್ಲಿ ಹೂ ಬಿದ್ದಿದೆ ಅನ್ನುತ್ತಾರೆ. ಅದು ಹೇಗೆ ಬಂತು ಅಂತ ನಿನಗೆ ಪೂರ್ತಿ ಹೇಳಿಲ್ಲ. ಆ ವರ್ಷ ನಮ್ಮ ತೊಗರಿ ರಾಶಿ ನಡೆದಿತ್ತು. ಹೊಟ್ಟು ತೂರುವಾಗ ಸಣ್ಣ ಕಡ್ಡಿಯೊಂದು ಕಣ್ಣಿಗೆ ಬಡಿಯಿತು. ಟವಲ್‌ನಿಂದ ಗಸಗಸ ಉಜ್ಜಿದೆ. ಮರುದಿನ ಕಣ್ಣು ಕೆಂಪಾಯಿತು. ಔಷಧಿ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದೆ. ಎರಡು ದಿನ ಉರಿ ಇಳಿದ ಹಾಗೆ ಅನಿಸಿತು. ಆಮೇಲೆ ಬೆಳಕು ನೋಡಲಾಗದಷ್ಟು ನೋವು. ಕಲಬುರಗಿಗೆ ಹೋದರೆ, ಕಡ್ಡಿಯ ಜೊತೆ ಫಂಗಸ್ ಹೊಕ್ಕು ಹುಣ್ಣಾಗಿದೆ ಅಂದರು ಡಾಕ್ಟರು. ನಾನು ಹಾಕಿದ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತಂತೆ. ಅದು ಕೆಂಪು ಇಳಿಸುತ್ತದೆ, ಒಳಗೆ ಫಂಗಸ್ ಹಬ್ಬಲು ಬಿಡುತ್ತದೆ. ಆಮೇಲೆ ಗಂಟೆಗೊಮ್ಮೆ ನಾಟಾಮೈಸಿನ್ ಅನ್ನುವ, ಫಂಗಸ್ ಕೊಲ್ಲುವ ಹನಿ ಹಾಕಬೇಕಾಯಿತು. ನಿಮ್ಮವ್ವ ಎಷ್ಟೋ ರಾತ್ರಿ ಮಲಗಲಿಲ್ಲ. ಹುಣ್ಣು ಮಾಯಿತು, ಕಲೆ ಉಳಿಯಿತು. ಈಗ ಆ ಕಣ್ಣಿಗೆ ಎಲ್ಲವೂ ಹಬೆ ಹಿಡಿದ ಗಾಜಿನಾಚೆ ಇದ್ದಂತೆ. ರಾತ್ರಿ ಲಾರಿ ಎದುರು ಬಂದರೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ.

ಆಗಲೇ ಡಾಕ್ಟರು ತಿಳಿಸಿ ಹೇಳಿದ್ದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವೇ ಕಾರ್ನಿಯಾ. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅದರಲ್ಲಿ ರಕ್ತನಾಳವೇ ಇಲ್ಲ. ಹಾಗಾಗಿಯೇ ಅಷ್ಟು ತಿಳಿಯಾಗಿದೆ. ಉಸಿರನ್ನೂ ಬಹುಪಾಲು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಬೆಳಕನ್ನು ಬಾಗಿಸಿ ಕಣ್ಣೊಳಗೆ ಕೂಡಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಅದರದ್ದೇ. ಆದ್ದರಿಂದ ಅದು ಮಸುಕಾದರೂ ಕಷ್ಟ, ಆಕಾರ ಕೆಟ್ಟರೂ ಕಷ್ಟ.

ನಿನ್ನ ವಿಷಯದಲ್ಲಿ ನನಗೆ ಭಯ ಆಕಾರದ್ದು. ಕೆರಟೋಕೋನಸ್ ಅಂತ ಒಂದಿದೆ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಉಬ್ಬುತ್ತದೆ. ಹೆಚ್ಚಾಗಿ ನಿನ್ನಂಥ ಎಳೆ ವಯಸ್ಸಿನಲ್ಲೇ ಶುರುವಾಗುತ್ತದೆ. ಅಲರ್ಜಿಯಿಂದ ಕಣ್ಣು ತುರಿಸಿ, ಸದಾ ಉಜ್ಜುವವರಲ್ಲಿ ಜಾಸ್ತಿ. ನಿನಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ನಂಬರ್ ಏರಿರಬಹುದು. ಆದರೆ ಚಶ್ಮಾ ಅಂಗಡಿಯ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ, ತಾಯಿ. ಕಣ್ಣಿನ ಡಾಕ್ಟರ ಹತ್ತಿರ ಕಾರ್ನಿಯಾದ ಟೊಪೋಗ್ರಫಿ, ಅಂದರೆ ಅದರ ಆಕಾರದ ನಕ್ಷೆ ತೆಗೆಯುವ ಪರೀಕ್ಷೆ, ಮಾಡಿಸಬೇಕು. ಚುಚ್ಚುವುದಿಲ್ಲ, ನೋವಿಲ್ಲ, ಬೆಳಕು ನೋಡುತ್ತಾ ಕೂತರೆ ಸಾಕು. ಬೇಗ ಗೊತ್ತಾದರೆ ರೈಬೋಫ್ಲಾವಿನ್ ಅನ್ನುವ ವಿಟಮಿನ್ ಹನಿ ಹಾಕಿ, ನೇರಳಾತೀತ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿ ಮಾಡುತ್ತಾರೆ. ಅದು ಮುಂದೆ ಕೆಡುವುದನ್ನು ತಡೆಯಲಿಕ್ಕೆ. ಆಗಿಹೋದದ್ದನ್ನು ಪೂರ್ತಿ ಸರಿಮಾಡುವುದಿಲ್ಲ. ನಾನು ಅವಸರ ಮಾಡುವುದು ಅದಕ್ಕೇ.

ತೀರಾ ಮುಂದುವರಿದರೆ ಬೇರೆಯವರು ದಾನ ಮಾಡಿದ ಕಾರ್ನಿಯಾ ಹಾಕಬೇಕಾಗುತ್ತದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ನೆನಪಿದೆಯಲ್ವಾ? ನಾನೂ ನಿಮ್ಮವ್ವನೂ ನೇತ್ರದಾನಕ್ಕೆ ಬರೆದುಕೊಟ್ಟಿದ್ದೇವೆ. ಜೀವ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕಂತೆ, ಇದು ನಿನಗೂ ಗೊತ್ತಿರಲಿ.

ನಿನ್ನ ಪರೀಕ್ಷೆ ಆಗುವವರೆಗೆ ತುರಿಕೆ ಬಂದಾಗ ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಬಟ್ಟೆ ಇಟ್ಟುಕೋ. ಡಾಕ್ಟರು ಬರೆದುಕೊಡದ ಯಾವ ಡ್ರಾಪ್ಸೂ ಬೇಡ. ಶನಿವಾರ ರಾಶಿ ಮುಗಿಯುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ನಾನೇ ಬೆಂಗಳೂರಿಗೆ ಬರುತ್ತೇನೆ, ಇಬ್ಬರೂ ಕೂಡಿ ಆಸ್ಪತ್ರೆಗೆ ಹೋಗೋಣ. ನಿಮ್ಮವ್ವ ಶೇಂಗಾ ಹೋಳಿಗೆ ಕಟ್ಟಿಕೊಡುತ್ತಾಳೆ.

ನಿನ್ನ ಅಪ್ಪ