ಮುಳ್ಳು ಮೇಲೇಳುವವರೆಗೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಬೆಳಗಿನ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ, ಹಿಂದೆ ಇನ್ನೊಂದು ವಿಮಾನ ಕಾಯುತ್ತಿದೆಯೆಂಬ ಸಂಕೋಚಕ್ಕೆ, ಥ್ರಾಟಲ್ (ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿ) ಏರಿಸಿದಾಗ ಎಂಜಿನ್ ಮುಗ್ಗರಿಸಿದರೂ ರನ್‌ವೇಗೆ ಹೋದೆ ಎಂದೆ. "ಏನೂ ಆಗಲಿಲ್ಲ ಅಮ್ಮ" ಎಂದೂ ಸೇರಿಸಿದೆ. ಆ ದಿನ ಏನೂ ಆಗದಿರಬಹುದು. ಆದರೆ ಈ ಬಗೆಯ ಹಾನಿ ಆದ ದಿನವೇ ಕಣ್ಣಿಗೆ ಬೀಳುವುದಿಲ್ಲ.

ಹಿಂದೆ ನಾನೇ ಬಿಚ್ಚಿದ ಒಂದು ಎಂಜಿನ್ನಿನ ಪಿಸ್ಟನ್ ಈಗಲೂ ನನ್ನ ಕೆಲಸದ ಮೇಜಿನ ಮೇಲಿದೆ. ಅದರ ಪಕ್ಕೆಯ ಮೇಲೆ ಉಗುರಾಡಿಸಿದರೆ ಉದ್ದನೆಯ ಗೀರುಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ಸಿಲಿಂಡರಿನ ಕೊಳವೆ ಉಕ್ಕಿನದು. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿರುವ ಎಂಜಿನ್ನಿಗೆ ಒಮ್ಮೆಲೇ ಪೂರ್ಣ ಥ್ರಾಟಲ್ ಕೊಟ್ಟರೆ ಉರಿಯ ಎದುರಿಗಿರುವ ಪಿಸ್ಟನ್ ಬೇಗ ಹಿಗ್ಗುತ್ತದೆ, ಹೊರಗಿನ ಗಾಳಿಗೆ ಮೈಯೊಡ್ಡಿರುವ ಸಿಲಿಂಡರ್ ಹಿಂದೆ ಬೀಳುತ್ತದೆ, ನಡುವಿನ ಸಂದು ಕಿರಿದಾಗಿ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಸಾಲದ್ದಕ್ಕೆ, ಬಿಸಿಯಲ್ಲಿ ತಲೆಭಾಗ ಹೆಚ್ಚು ಹಿಗ್ಗುತ್ತದೆಂಬ ಲೆಕ್ಕದಿಂದ ಎಷ್ಟೋ ಸಿಲಿಂಡರುಗಳನ್ನು ಅಲ್ಲಿ ಕೊಂಚ ಕಿರಿದಾಗಿಯೇ ಕೊರೆದಿರುತ್ತಾರೆ.

ಬೇರಿಂಗುಗಳ ಕಥೆ ಇದಕ್ಕೆ ತಿರುಗುಮುರುಗು. ಕಡುಚಳಿಯಲ್ಲಿ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಹೊರಕವಚ, ತನ್ನೊಳಗೆ ಬೇರಿಂಗುಗಳಲ್ಲಿ ತಿರುಗುವ ಉಕ್ಕಿನ ದಂಡವಾದ ಕ್ರ್ಯಾಂಕ್‌ಶಾಫ್ಟಿಗಿಂತ ಹೆಚ್ಚು ಕುಗ್ಗಿ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕಾಗಿಯೇ ಹಿಮ ಬೀಳುವ ಕಡೆ ಸ್ಟಾರ್ಟ್ ಮಾಡುವ ಮೊದಲೇ ಹೊರಗಿನಿಂದ ಶಾಖ ಕೊಟ್ಟು ಇಡೀ ಎಂಜಿನ್ನನ್ನು ಬೆಚ್ಚಗಾಗಿಸುತ್ತಾರೆ.

ಸ್ಟಾರ್ಟ್ ಆದೊಡನೆ ಆಯಿಲ್ ಒತ್ತಡದ ಗೇಜ್ ನೋಡು. ಸಾಮಾನ್ಯ ಹವೆಯಲ್ಲಿ 30 ಸೆಕೆಂಡಿನೊಳಗೆ ಒತ್ತಡ ಕಾಣದಿದ್ದರೆ ಎರಡನೆಯ ಯೋಚನೆ ಮಾಡದೆ ಎಂಜಿನ್ ಆಫ್ ಮಾಡು. ಒತ್ತಡ ಬಂದಿತೆಂದರೆ ಎಂಜಿನ್ ಬಿಸಿಯಾಯಿತೆಂದು ತಿಳಿಯಬೇಡ. ತಣ್ಣಗಿನ ಮಂದ ಆಯಿಲ್ ಹರಿಯಲು ಒಲ್ಲದೆ ಗೇಜಿನಲ್ಲಿ ಇನ್ನೂ ಹೆಚ್ಚಿನ ಒತ್ತಡವನ್ನೇ ತೋರಿಸೀತು. ನೀನು ಹಾರಿಸುವ ಲೈಕಮಿಂಗ್ ಎಂಜಿನ್ನನ್ನು, ಮೂತಿ ಗಾಳಿಯ ಕಡೆಗಿರುವಂತೆ ನಿಲ್ಲಿಸಿಕೊಂಡು, 1000ದಿಂದ 1200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಓಡಲು ಬಿಡು. ಅದಕ್ಕಿಂತ ತೀರ ಕೆಳಗಿಳಿಸಿದರೆ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಇಂಧನದ ಸೀಸ ಕೂರುತ್ತದೆ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಮೇಲೆ ಆಯಿಲ್ ಸಾಕಷ್ಟು ಚಿಮ್ಮುವುದೂ ಇಲ್ಲ. ಬೇಗ ಬಿಸಿಯಾಗಲೆಂದು ಏರಿಸುವುದಂತೂ ನಾನು ಹೇಳಿದ ಗೀರುಗಳಿಗೆ ನೇರ ದಾರಿ. ಮುಂದೆ ರೋಟ್ಯಾಕ್ಸ್ 912 ಎಂಜಿನ್ ಇರುವ ವಿಮಾನ ಕೈಗೆ ಬಂದರೆ ಲೆಕ್ಕವೇ ಬೇರೆ: ಮೊದಲು 2000 ಆರ್‌ಪಿಎಂನಲ್ಲಿ ಸುಮಾರು ಎರಡು ನಿಮಿಷ, ಆಮೇಲೆ 2500ರಲ್ಲಿ ಆಯಿಲ್ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ.

ಗಡಿಯಾರ ನೋಡಿ "ಐದು ನಿಮಿಷವಾಯಿತು, ಸಾಕು" ಎನ್ನುವವರ ಮಾತಿಗೆ ನೀನು ಕಿವಿಗೊಡಬಾರದು. ಸೆಕೆಗಾಲದ ಮಧ್ಯಾಹ್ನ ಅಷ್ಟು ಹೊತ್ತು ಬೇಕಾಗಲಾರದು. ನೆಲದ ಮೇಲೆ ಸಾಕಷ್ಟು ಗಾಳಿ ಹರಿಯದ ಕಾರಣ, ಸುಮ್ಮನೆ ನಿಲ್ಲಿಸಿ ಓಡಿಸಿದರೆ ಸಿಲಿಂಡರಿನ ತಲೆ ಮಿತಿಮೀರಿ ಕಾದೀತು. ಚಳಿಗಾಲದ ಬೆಳಗಿನಲ್ಲಿ ಐದು ನಿಮಿಷ ಸಾಲದೆಯೂ ಹೋದೀತು. ಥ್ರಾಟಲ್ಲನ್ನು ನಿಧಾನವಾಗಿ ಮುಂದೂಡಿದಾಗ ಎಂಜಿನ್ ಕೆಮ್ಮದೆ, ತಡವರಿಸದೆ ಏರಬೇಕು. ಅಂದು ಮುಗ್ಗರಿಸಿದಾಗ ಅದು ನಿನ್ನನ್ನು ಕಾಯಲು ಕೇಳಿತ್ತು, ಮಗಳೇ. ಅದೇ ಮುಗ್ಗರಿಕೆ ಚಕ್ರ ನೆಲ ಬಿಟ್ಟ ಮೇಲೆ ಆಗಿದ್ದರೆ ಎಂಬ ಯೋಚನೆಯಿಂದ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಿಂದಿರುವವರಿಗೆ ಅವಸರವಿದ್ದರೆ, ಜಾಗವಿರುವ ಕಡೆ ಬದಿಗೆ ಸರಿದು ಅವರನ್ನು ಮುಂದೆ ಬಿಡು. ನೀನಿನ್ನೂ ಸಿದ್ಧಳಿಲ್ಲವೆಂದು ರೇಡಿಯೊದಲ್ಲಿ ಹೇಳಲು ನಾಚಬೇಡ. ಮುಂದಿನ ಹಾರಾಟದ ದಿನ ಥ್ರಾಟಲ್ ತೆರೆಯುವಾಗ ಆಯಿಲ್ ತಾಪಮಾನದ ಮುಳ್ಳು ಎಲ್ಲಿತ್ತು, ಅಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗುರುತು ಹಾಕಿಕೊಂಡು ನನಗೆ ಬರೆ.

ನಿನ್ನ,
ಅಮ್ಮ