ಲೇಹ್ ಶಾಲೆಯ ವೈರ್‌ಲೆಸ್ ಕಿಟ್: ಬದಲಿಸಿ ಕೊಡಿ, ಇಲ್ಲ ಹಣ ವಾಪಸ್ ಮಾಡಿ

ಇವರಿಗೆ,
ಮಾರಾಟ ವ್ಯವಸ್ಥಾಪಕರು, ಪುಣೆ ಶಾಖೆ

ವಿಷಯ: ನೀವು ಕೊಟ್ಟ ಕಿಟ್ ಚಳಿಗೆ ಕೈಕೊಟ್ಟಿರುವ ಬಗ್ಗೆ

ಮಾನ್ಯರೇ,

ಭೋಸರಿಯ ಆಫೀಸಿನಲ್ಲಿ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಮಾತಾಡಿ, ಲೇಹ್ ಶಾಲೆಗೆಂದು ಈ ಸೋಲಾರ್ ವೈರ್‌ಲೆಸ್ ಕಿಟ್ (ಸಿಗ್ನಲ್ ಕಳಿಸುವ ರೇಡಿಯೊ, ಸೋಲಾರ್ ಪ್ಯಾನೆಲ್, ಬ್ಯಾಟರಿ) ಕೊಳ್ಳಲು ನಮ್ಮನ್ನು ಒಪ್ಪಿಸಿದಿರಿ. ಹಾಗಾಗಿ ದೂರೂ ಕನ್ನಡದಲ್ಲೇ ಇರಲಿ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಮೈನಸ್ 20ರ ಹತ್ತಿರ ಇಳಿಯುತ್ತದೆ ಎಂದು ಆರ್ಡರ್‌ನಲ್ಲೇ ಬರೆದಿದ್ದೆವು. ನೀವು ‘ಮೈನಸ್ 40 ತಡೆಯುತ್ತೆ, ಐಪಿ67 ಬೇರೆ ಇದೆ’ ಅಂದಿರಿ. ಐಪಿ67 ಅಂದರೆ ಧೂಳು, ನೀರು ಒಳಗೆ ಹೋಗುವುದಿಲ್ಲ ಅಂತ, ಅಷ್ಟೇ. ಮೈನಸ್ 40 ಇರುವುದು ರೇಡಿಯೊಗೆ ಮಾತ್ರ. ರೇಡಿಯೊ ಬಗ್ಗೆ ನಮ್ಮ ತಕರಾರೂ ಇಲ್ಲ, ಕರೆಂಟ್ ಸಿಕ್ಕಾಗ ಚೆನ್ನಾಗೇ ಓಡುತ್ತದೆ.

ಕರೆಂಟೇ ಸಿಗುತ್ತಿರಲಿಲ್ಲ. ನೀವು ಕೊಟ್ಟಿದ್ದು ಲಿಥಿಯಂ ಬ್ಯಾಟರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಸೆಲ್ ಹಾಳಾಗುತ್ತದೆ. ಅದಕ್ಕೇ ಅದರ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ. ಮಧ್ಯಾಹ್ನ ಕಣ್ಣು ಕುಕ್ಕುವ ಬಿಸಿಲು, ಪ್ಯಾನೆಲ್ ಮೇಲೆ ಹಿಮದ ಚೂರೂ ಇಲ್ಲ, ಆದರೆ ಡಿಸ್‌ಪ್ಲೇಯಲ್ಲಿ ಚಾರ್ಜಿಂಗ್ 0.0 ಆಂಪ್! ಬ್ಯಾಟರಿ ಖಾಲಿಯಾಗುತ್ತಾ ಹೋಗಿ ಒಂದು ರಾತ್ರಿ ಲಿಂಕ್ ಸತ್ತಿತು. ಪೆಟ್ಟಿಗೆಯಲ್ಲಿ ಹೀಟರ್ ಪ್ಯಾಡ್ ಇಲ್ಲ, ಥರ್ಮಾಕೋಲ್ ತುಂಡೂ ಇಲ್ಲ. ಬರೀ ತಗಡು.

ಕೇಬಲ್ ಕಥೆ ಕೇಳಿ. ಪೆಟ್ಟಿಗೆಯೊಳಗೆ ಕೇಬಲ್ ಹೋಗುವ ಗ್ಲ್ಯಾಂಡ್ ಹತ್ತಿರ ಬಗ್ಗಿಸಿದ ಕಡೆ ಪಿವಿಸಿ ಹೊದಿಕೆ ಹಪ್ಪಳದ ಹಾಗೆ ಸೀಳಿತ್ತು, ಒಳಗಿನ ಜೋಡಿ ತಂತಿಗಳು ಕಾಣುತ್ತಿದ್ದವು. ಸಾದಾ ಪಿವಿಸಿ ಚಳಿಗೆ ಸೆಟೆದು ಒಡೆಯುತ್ತದೆ ಅನ್ನೋದು ಈ ಧಂದೆಯಲ್ಲಿ ಯಾರಿಗೆ ಗೊತ್ತಿಲ್ಲ?

ಇನ್ನೊಂದು ಮಾತು. ಚಳಿ ಹೆಚ್ಚಿದಷ್ಟೂ ಪ್ಯಾನೆಲ್ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 0.3 ಶೇಕಡಾ. ನಿಮ್ಮ ಎರಡು ಪ್ಯಾನೆಲ್ ಸೀರೀಸ್‌ನಲ್ಲಿ 25 ಡಿಗ್ರಿಗೆ 91 ವೋಲ್ಟ್. ಮೈನಸ್ 20ಕ್ಕೆ 100 ದಾಟುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟ್ ನೋಡಿಕೊಳ್ಳಲು ನೀವು ಹಾಕಿದ ಕಂಟ್ರೋಲರ್ ತಡೆಯುವ ಮಿತಿ ಸರಿಯಾಗಿ 100! ಸುಟ್ಟಿಲ್ಲ, ನಮ್ಮ ಪುಣ್ಯ.

ನಿಮ್ಮ ಸರ್ವಿಸ್‌ನವರು ‘ಪುಣೆಯಲ್ಲಿ ಟೆಸ್ಟ್ ಮಾಡಿದಾಗ ಸರಿಯಿತ್ತು’ ಅನ್ನುತ್ತಾರೆ. ಹತ್ತು ಡಿಗ್ರಿಗೇ ಮಂಕಿ ಕ್ಯಾಪ್ ಹಾಕುವ ಊರು ಸ್ವಾಮಿ ಇದು.

ಹೀಟರ್ ಮತ್ತು ಇನ್ಸುಲೇಶನ್ ಇರುವ ಪೆಟ್ಟಿಗೆ, ಪಾಲಿಎಥಿಲೀನ್ ಹೊದಿಕೆಯ ಔಟ್‌ಡೋರ್ ಕೇಬಲ್, 150 ವೋಲ್ಟ್ ಕಂಟ್ರೋಲರ್ ಕೊಡಿ. ಸಾಗಣೆ ಖರ್ಚು ನಿಮ್ಮದೇ. ಲೇಹ್‌ಗೆ ಹೋಗುವ ಜೋಜಿಲಾ ದಾರಿ ಹಿಮಕ್ಕೆ ಮುಚ್ಚುವ ಮೊದಲು ಸಾಮಾನು ಮೇಲೆ ಹೋಗಬೇಕು. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ಎರಡೂ ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಫೋಟೊ, ಬಿಲ್, ಆರ್ಡರ್ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ, ಚಿಂಚವಾಡ