ಬೂಟು ಅಗಲವಾದೀತು, ಉದ್ದವಾಗದು

ಮಾನ್ಯರೇ,

ಮಳೆ ನಿಂತೊಡನೆ ಮುಳ್ಳಯ್ಯನಗಿರಿ ಹತ್ತಲು ಬರುವವರು ಹೊಸ ಬೂಟು ಕಚ್ಚಿತೆಂದು ನನ್ನ ರಿಪೇರಿ ಅಂಗಡಿಗೆ ಕುಂಟುತ್ತ ಬರುತ್ತಾರೆ. ಕೆಲವರು ಒಲೆಯ ಪಕ್ಕ ಇಟ್ಟು ಸಡಿಲಿಸಲು ನೋಡಿರುತ್ತಾರೆ. ಅದರಿಂದ ಅಟ್ಟೆಯ ಅಂಟು ಬಿಡುತ್ತದೆ, ತೊಗಲು ಒಣಗಿ ಬಿರಿಯುತ್ತದೆ. ಚರ್ಮದ ಬೂಟಾದರೆ ಕಿರುಬೆರಳು ಒತ್ತುವಲ್ಲಿ ತುಸು ಒದ್ದೆ ಮಾಡಿ, ಒಳಗೆ ತಿರುಪು ತಿರುಗಿಸಿದರೆ ಅಗಲವಾಗುವ ಮರದ ಅಚ್ಚು ಹಾಕಿ ರಾತ್ರಿಯಿಡೀ ಬಿಟ್ಟರೆ ಅಗಲ ಒಂದಿಷ್ಟು ಹೆಚ್ಚುತ್ತದೆ. ಉದ್ದ ಮಾತ್ರ ಯಾರಪ್ಪ ಬಂದರೂ ಹೆಚ್ಚದು. ನೈಲಾನ್ ಬೂಟು ಮಹಾ ಹಟಮಾರಿ. ನೋಯುವ ಜಾಗದಲ್ಲಿ ಲೇಸಿನ ಒಂದು ತೂತು ಬಿಟ್ಟು ಕಟ್ಟಿಕೊಳ್ಳಿ. ಕೊಳ್ಳುವುದಾದರೆ ಸಂಜೆ ಕೊಳ್ಳಿ, ಆಗ ಕಾಲು ತುಸು ಊದಿರುತ್ತದೆ. ಚಾರಣದ ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಬೂಟು ಮಾರುವವರು ಇಷ್ಟಾದರೂ ಹೇಳಬಾರದೇ?

–ಪಾದರಕ್ಷೆ ರಿಪೇರಿಗಾರ, ಚಿಕ್ಕಮಗಳೂರು